ಮುಖವಿಲ್ಲದ ಧಣಿ

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಂಥ ಊರುಗಳಿಂದ, ಮಳೆ ಕೈಕೊಟ್ಟ ವರ್ಷ, ತರುಣರು ಬೆಂಗಳೂರಿನ ಬಸ್ಸು ಹತ್ತುವುದು ಹೊಸದೇನಲ್ಲ. ಹಿಂದೆ ಅಲ್ಲಿ ಅವರಿಗೆ ಕೆಲಸ ಹೇಳುತ್ತಿದ್ದವನು ಮೇಸ್ತ್ರಿ. ಕೂಲಿ ಮುರಿದುಕೊಂಡರೆ ಜಗಳವಾಡಬಹುದಿತ್ತು, ಕೆಲಸ ಹೋದರೆ "ಏಕೆ ಸ್ವಾಮಿ?" ಎಂದು ಕೇಳಬಹುದಿತ್ತು.

ಇಂದು ಊಟದ ಪೊಟ್ಟಣ ಹೊತ್ತು ಓಡುವ ತರುಣನಿಗೆ ಧಣಿಯೆಂದರೆ ಅಂಗೈಯ ಮೊಬೈಲು. ಕೆಲಸ ಹಂಚುವುದೂ ಅದೇ, ಕೂಲಿ ಎಣಿಸುವುದೂ ಅದೇ. ಒಂದು ಮುಂಜಾನೆ ಬಾಗಿಲು ಮುಚ್ಚುವುದೂ ಅದೇ. ಕಂಪೆನಿಯನ್ನು ಕೇಳಿದರೆ, ಆತ ನೌಕರನಲ್ಲ, 'ಪಾಲುದಾರ'ನೆಂಬ ಉತ್ತರ. ಲಾಭದಲ್ಲಿ ಪಾಲಿಲ್ಲದ ಪಾಲುದಾರಿಕೆ ಯಾವ ವ್ಯಾಪಾರಶಾಸ್ತ್ರದಲ್ಲಿದೆಯೋ!

ಒಂದು ವರ್ಷ ದುಡಿದ ಕಾರ್ಖಾನೆಯ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆಯಲು 1947ರ ಕೈಗಾರಿಕಾ ವಿವಾದಗಳ ಕಾಯಿದೆ ಒಂದು ತಿಂಗಳ ನೋಟೀಸು ವಿಧಿಸಿತ್ತು. 'ಪಾಲುದಾರ'ನಿಗೆ ಆ ನೆರಳೂ ಸಿಗಲಿಲ್ಲ. ಇಂಥವರಿಗಾಗಿ 2023ರಲ್ಲಿ ರಾಜಸ್ಥಾನ ಮೊದಲ ಕಾಯಿದೆ ಮಾಡಿತು. 2025ರಲ್ಲಿ ಕರ್ನಾಟಕವೂ ತನ್ನದನ್ನು ತಂದಿತು. ಪ್ರತಿ ವಹಿವಾಟಿನಲ್ಲಿ ದುಡಿಮೆಗಾರನಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗಿನ ಶುಲ್ಕವನ್ನು ಕಂಪೆನಿ ಕಲ್ಯಾಣನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯಬೇಕಾದರೆ ಸಾಮಾನ್ಯವಾಗಿ ಲಿಖಿತ ಕಾರಣವನ್ನೂ 14 ದಿನಗಳ ಮುನ್ಸೂಚನೆಯನ್ನೂ ಕೊಡಬೇಕು. ಯಂತ್ರ ಯಾವ ಲೆಕ್ಕದ ಮೇಲೆ ಕೆಲಸ ಹಂಚುತ್ತದೆಂದು ಕೇಳುವ ಹಕ್ಕೂ ಉಂಟು.

ಇದು ಉದ್ಯಮಕ್ಕೆ ಹೊರೆಯೆಂದು ಕಂಪೆನಿಗಳ ಪಕ್ಷದವರು ಆಕ್ಷೇಪಿಸಿದರು. ಹೊರೆಯ ಲೆಕ್ಕ ಏನೇ ಇರಲಿ, ನಿಧಿಯ ಹಣಕ್ಕಿಂತಲೂ ಆ ಲಿಖಿತ ಕಾರಣವೇ ದೊಡ್ಡದು. ಕಾರಣ ಬಲ್ಲವನು ವಾದಿಸಬಲ್ಲ. ಅರಿಯದವನು ತಪ್ಪೇನೆಂದೇ ತಿಳಿಯದೆ ಅರಸೀಕೆರೆಯ ಬಸ್ಸು ಹತ್ತಬೇಕಷ್ಟೆ.