ಫುಟ್‌ಬಾಲ್ ನೋಡದವರೂ ಕಟ್ಟುವ ಫುಟ್‌ಬಾಲ್ ಕಂದಾಯ

ನಮ್ಮ ನ್ಯೂ ಜೆರ್ಸಿಯ ಎಡಿಸನ್, ಪಿಸ್ಕಾಟವೇ ಕಡೆ ಒಂದು ಸುತ್ತು ಹಾಕಿ ಬನ್ನಿ. ಕನ್ನಡದವರ ಮನೆ, ತೆಲುಗಿನವರ ಮನೆ, ಗುಜರಾತಿಗಳ ಮನೆ... ಊರಿಂದ ಬಂದ ಅಪ್ಪ-ಅಮ್ಮಂದಿರು ಮಧ್ಯಾಹ್ನ ಊಟ ಮುಗಿಸಿ ಸೀರಿಯಲ್ ನೋಡುತ್ತಾ ಕೂತಿರುತ್ತಾರೆ. ಅವರ ಲೆಕ್ಕದಲ್ಲಿ ಅಮೆರಿಕನ್ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವುದು, ಅಷ್ಟೇ. ಆದರೆ ಆ ಮನೆಗೆ ಮಾಮೂಲಿ ಕೇಬಲ್ ಪ್ಯಾಕೇಜ್ ಇದೆ ಅಂದರೆ, ತಿಂಗಳು ತಿಂಗಳೂ ಬಿಲ್ಲಿನ ಒಂದು ಪಾಲು ಕಾಲೇಜು ಫುಟ್‌ಬಾಲಿನ ಖಜಾನೆಗೆ ಹೋಗುತ್ತಿದೆ ಅಂತಲೇ ಅರ್ಥ. ಎಷ್ಟು ಹೋಗುತ್ತಿದೆ ಅಂತ ಬಿಲ್ಲಿನಲ್ಲಿ ಹುಡುಕಿ ನೋಡಿ, ಸಿಗುವುದಿಲ್ಲ.

ಅದೇ ಮನೆಯವರು ಕನ್ನಡ ಚಾನೆಲ್ ಬೇಕು ಅಂತ ಕೇಳಿದರೆ ಏನಾಗುತ್ತೆ? ಅದು ಬೇರೆ ಪ್ಯಾಕ್ ಸ್ವಾಮಿ, ಅದಕ್ಕೆ ಬೇರೆ ದುಡ್ಡು! ನೋಡುವವರು ನೀವು, ನೀವೇ ಕೊಡಿ ಅನ್ನುತ್ತಾರೆ. ಒಪ್ಪೋಣ, ಇದು ನ್ಯಾಯವೇ. ನನ್ನ ತಕರಾರು ಇಷ್ಟೇ: ಕನ್ನಡಕ್ಕೆ ಅನ್ವಯಿಸುವ ಈ ನ್ಯಾಯ ಫುಟ್‌ಬಾಲಿಗೆ ಯಾಕೆ ಅನ್ವಯಿಸುವುದಿಲ್ಲ?

ಹಾಗಂತ ನಾನು ಫುಟ್‌ಬಾಲ್ ದ್ವೇಷಿ ಅಂದುಕೊಳ್ಳಬೇಡಿ. ಸೆಪ್ಟೆಂಬರ್ ಬಂತೆಂದರೆ ಶನಿವಾರ ಮಧ್ಯಾಹ್ನ ನನ್ನನ್ನು ಸೋಫಾದಿಂದ ಎಬ್ಬಿಸುವುದು ಕಷ್ಟ. ವೃತ್ತಿಪರರ ಎನ್‌ಎಫ್‌ಎಲ್‌ಗಿಂತ ನನಗೆ ಕಾಲೇಜು ಹುಡುಗರ ಆಟವೇ ಇಷ್ಟ. ಆ ಬ್ಯಾಂಡ್‌ಸೆಟ್ಟು, ಆ ಗದ್ದಲ, ಎಪ್ಪತ್ತು ದಾಟಿದ ಹಳೇ ವಿದ್ಯಾರ್ಥಿಗಳು ಬಣ್ಣದ ಅಂಗಿ ಹಾಕಿಕೊಂಡು ಕುಣಿಯುವುದು. ಇಷ್ಟಪಡುವವನಾದ್ದರಿಂದಲೇ ಈ ಸಿಟ್ಟು.

ಮೊದಲು ಈ 'ಕಾನ್ಫರೆನ್ಸ್' ಅಂದರೇನು ಅಂತ ಹೇಳಿಬಿಡ್ತೀನಿ. ಸಾಹಿತ್ಯ ಸಮ್ಮೇಳನದಂಥ ಸಮ್ಮೇಳನವಲ್ಲ :-) ಹಲವು ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಕೂಟ. ತಮ್ಮತಮ್ಮಲ್ಲೇ ಪಂದ್ಯ ಆಡಿ, ಟಿವಿಯಿಂದ ಬಂದ ದುಡ್ಡನ್ನು ಹಂಚಿಕೊಳ್ಳುತ್ತಾರೆ. ಬಿಗ್ ಟೆನ್, ಎಸ್‌ಇಸಿ, ಎಸಿಸಿ, ಪ್ಯಾಕ್-12 ಅನ್ನುವುದೆಲ್ಲ ಇಂಥ ಕೂಟಗಳ ಹೆಸರು. ಇವುಗಳಲ್ಲಿ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳು, ಅಂದರೆ ರಾಜ್ಯದ ತೆರಿಗೆದಾರರ ದುಡ್ಡಿನಲ್ಲಿ ಬೆಳೆದವು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

1984ರ ತನಕ ಕಾಲೇಜು ಫುಟ್‌ಬಾಲ್ ಟಿವಿಯಲ್ಲಿ ಎಷ್ಟು ಬರಬೇಕು, ಯಾರದ್ದು ಬರಬೇಕು ಅನ್ನುವುದೆಲ್ಲ ಎನ್‌ಸಿಎಎ ಅನ್ನುವ ಸಂಸ್ಥೆಯ ಕೈಯಲ್ಲಿತ್ತು. ಒಕ್ಲಹೋಮಾ ಮತ್ತು ಜಾರ್ಜಿಯಾದವರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು 7-2ರಲ್ಲಿ ಆ ಹಿಡಿತ ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. (ಒಪ್ಪದ ಇಬ್ಬರಲ್ಲಿ ಒಬ್ಬರು ಬೈರನ್ ವೈಟ್, ಕಾಲೇಜಿನಲ್ಲಿ ಸ್ವತಃ ದೊಡ್ಡ ಫುಟ್‌ಬಾಲ್ ಆಟಗಾರರಾಗಿದ್ದವರು!) ನೋಡುಗನಿಗೆ ಅದರಿಂದ ಒಳ್ಳೆಯದೇ ಆಯಿತು, ಟಿವಿಯಲ್ಲಿ ಪಂದ್ಯಗಳು ಹೆಚ್ಚಿದವು. ಸುಮಾರು ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಕಾನ್ಫರೆನ್ಸ್‌ಗಳಿಗೆ ಇನ್ನೊಂದು ಆಲೋಚನೆ ಬಂತು: ಪಂದ್ಯಗಳನ್ನು ಚಾನೆಲಿಗೆ ಮಾರುವ ಬದಲು ನಾವೇ ಚಾನೆಲ್ ಇಟ್ಟರೆ ಹೇಗೆ? ಮೌಂಟನ್ ವೆಸ್ಟ್ ಅನ್ನುವ ಸಣ್ಣ ಕೂಟ 2006ರಲ್ಲಿ ಶುರುಮಾಡಿತು, 2012ರಲ್ಲಿ ಬಾಗಿಲು ಹಾಕಿತು. ನಿಜವಾದ ಆಟ ಶುರುವಾದದ್ದು 2007ರ ಆಗಸ್ಟ್ 30ಕ್ಕೆ, ಫಾಕ್ಸ್ ಜೊತೆಗಿನ ಪಾಲುದಾರಿಕೆಯಲ್ಲಿ ಬಿಗ್ ಟೆನ್ ನೆಟ್‌ವರ್ಕ್ ಬಂದಾಗ.

ಎರಡೇ ದಿನ. ಸೆಪ್ಟೆಂಬರ್ 1ರಂದು ಆನ್ ಆರ್ಬರ್‌ನಲ್ಲಿ ಮಿಷಿಗನ್ ಮತ್ತು ಅಪಲೇಷಿಯನ್ ಸ್ಟೇಟ್ ನಡುವೆ ಪಂದ್ಯ. ಮಿಷಿಗನ್ ಆಗ ದೇಶದಲ್ಲಿ 5ನೇ ಸ್ಥಾನದಲ್ಲಿತ್ತು. ಎದುರಿಗೆ ಬಂದವರು ನಾರ್ತ್ ಕ್ಯಾರೊಲಿನಾದ ಗುಡ್ಡಗಾಡಿನ ಕಡೆಯವರು, ಕೆಳಗಿನ ದರ್ಜೆಯ ತಂಡ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಯಾವುದೋ ಜಿಲ್ಲಾ ತಂಡ ಬಂದು ಮುಂಬೈ ರಣಜಿ ತಂಡದ ಮೇಲೆ ಆಡಿದ ಹಾಗೆ. ಕೊನೇ ಕ್ಷಣದಲ್ಲಿ ಮಿಷಿಗನ್‌ನ ಫೀಲ್ಡ್ ಗೋಲ್ ಒದೆತವನ್ನು ತಡೆದು, ಆ ಜಿಲ್ಲಾ ತಂಡ 34-32ರಲ್ಲಿ ಗೆದ್ದುಬಿಟ್ಟಿತು! ಕಾಲೇಜು ಫುಟ್‌ಬಾಲಿನ ಅತಿದೊಡ್ಡ ಅಚ್ಚರಿಗಳಲ್ಲಿ ಒಂದು ಅಂತ ಇವತ್ತಿಗೂ ಅದರ ಮಾತಾಡುತ್ತಾರೆ. ಮೈದಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಇದ್ದರು. ಅದೇ ಮಿಷಿಗನ್ ರಾಜ್ಯದಲ್ಲಿ, ಮನೆಯಲ್ಲಿ ಕಾಮ್‌ಕಾಸ್ಟ್ ಕೇಬಲ್ ಹಾಕಿಸಿಕೊಂಡವರಿಗೆ ಆ ಪಂದ್ಯ ಕಾಣಲಿಲ್ಲ. ಕಾರಣ, ಪಂದ್ಯ ಇದ್ದದ್ದು ಹೊಸ ಬಿಗ್ ಟೆನ್ ನೆಟ್‌ವರ್ಕಿನಲ್ಲಿ, ಅದಕ್ಕೂ ಕಾಮ್‌ಕಾಸ್ಟಿಗೂ ಒಪ್ಪಂದ ಆಗಿರಲಿಲ್ಲ.

ಜಗಳ ಏನು ಅಂತ ಕೇಳಿ. ಕಾನ್ಫರೆನ್ಸಿನ ಎಂಟು ರಾಜ್ಯಗಳಲ್ಲಿ ಪ್ರತಿ ಮನೆಗೆ ತಿಂಗಳಿಗೆ ಸುಮಾರು 1 ಡಾಲರ್ 10 ಸೆಂಟ್ ಕೊಡಿ, ಚಾನೆಲ್ಲನ್ನು ಎಲ್ಲರಿಗೂ ಹೋಗುವ ಮಾಮೂಲಿ ಪ್ಯಾಕೇಜಿನಲ್ಲೇ ಹಾಕಿ ಅಂತ ಚಾನೆಲಿನವರ ಪಟ್ಟು. ಬೇಕಾದವರು ಹೆಚ್ಚಿಗೆ ಕೊಟ್ಟು ತೆಗೆದುಕೊಳ್ಳುವ ಕ್ರೀಡಾ ಪ್ಯಾಕಿನಲ್ಲಿ ಹಾಕುತ್ತೇವೆ ಅಂತ ಕಾಮ್‌ಕಾಸ್ಟಿನ ಪಟ್ಟು. ಕೇಬಲ್ ಕಂಪನಿಯನ್ನು ಹೊಗಳುವ ಕರ್ಮ ನನಗೆ ಬಂತಲ್ಲ ಅಂತ ಬೇಜಾರಾಗುತ್ತೆ, ಆದರೆ ಈ ಒಂದು ವಿಷಯದಲ್ಲಿ ಅವರು ಹೇಳಿದ್ದು ಸರಿ ಇತ್ತು. 2008ರ ಜೂನ್‌ನಲ್ಲಿ ರಾಜಿಯಾಯಿತು, ಅಷ್ಟರಲ್ಲಿ ಒಂದು ಇಡೀ ಸೀಸನ್ ಕಳೆದುಹೋಗಿತ್ತು. ಟೈಮ್ ವಾರ್ನರ್ ಕೇಬಲ್‌ನವರ ಒಪ್ಪಂದ ಆಗಿದ್ದು 2008ರ ಆಗಸ್ಟಿಗೆ.

ಕ್ರೀಡಾ ಪ್ಯಾಕಿನಲ್ಲಿ ಹಾಕೋಣ ಅಂದರೆ ಚಾನೆಲಿನವರಿಗೆ ಯಾಕಷ್ಟು ಉರಿ? ಸಣ್ಣ ಲೆಕ್ಕ ಹಾಕಿ. ಉದಾಹರಣೆಗೆ 10 ಲಕ್ಷ ಮನೆ, ಮನೆಗೆ ತಿಂಗಳಿಗೆ 1 ಡಾಲರ್. ವರ್ಷಕ್ಕೆ 1 ಕೋಟಿ 20 ಲಕ್ಷ ಡಾಲರ್ ಆಯಿತು. ಇದರಲ್ಲಿ ನಿಜವಾಗಿ ನೋಡುವವರು ಹತ್ತರಲ್ಲಿ ಒಂದು ಮನೆ ಅಂತಿಟ್ಟುಕೊಳ್ಳಿ. ಅಷ್ಟೇ ದುಡ್ಡು ಅವರೊಬ್ಬರಿಂದಲೇ ಬರಬೇಕಾದರೆ ತಿಂಗಳಿಗೆ 10 ಡಾಲರ್ ಕೇಳಬೇಕು. ಕೇಳಿದರೆ ಅರ್ಧ ಜನ ಬೇಡ ಅಂತಾರೆ. ಹಾಗಾಗಿ ಈ ಚಾನೆಲ್ ಬದುಕುವುದು ನೋಡುವವರಿಂದ ಅಲ್ಲ, ನೋಡದವರಿಂದ! ನೋಡುವವನ ಕೆಲಸ ಬೇರೆ. ಅವನು ಒತ್ತೆಯಾಳು. ಅವನ ಪ್ರೀತಿಯ ಪಂದ್ಯವನ್ನು ತಡೆಹಿಡಿದರೆ ಅವನು ಕೇಬಲ್ ಕಂಪನಿಗೆ ಫೋನ್ ಮಾಡಿ ಕೂಗಾಡುತ್ತಾನೆ, ಕಂಪನಿ ಮಣಿಯುತ್ತೆ, ಆಮೇಲೆ ಪಕ್ಕದ ಮನೆಯ ಅಜ್ಜಿಯ ಬಿಲ್ಲೂ ಏರುತ್ತೆ. ಶತ್ರುವಿನ ಕೈಯಲ್ಲಲ್ಲ, ತನ್ನದೇ ಕಾಲೇಜಿನ ಕೈಯಲ್ಲಿ ಒತ್ತೆಯಾಗುವುದು ನೋಡಿ, ಅದೇ ನನಗೆ ನುಂಗಲಾಗದ್ದು.

ಈ ಲೆಕ್ಕ ಒಮ್ಮೆ ರುಚಿ ಹತ್ತಿದ ಮೇಲೆ ನಕ್ಷೆಯೇ ಬದಲಾಗತೊಡಗಿತು. ಚಾನೆಲಿಗೆ ಕಾನ್ಫರೆನ್ಸಿನ ರಾಜ್ಯಗಳ ಒಳಗೆ ಒಂದು ದರ, ಹೊರಗೆ ಅದಕ್ಕಿಂತ ಬಹಳ ಕಡಿಮೆ ದರ. ಹಾಗಾದರೆ ಜನ ತುಂಬಿರುವ ರಾಜ್ಯವನ್ನೇ ಒಳಗೆ ಸೇರಿಸಿಕೊಂಡರಾಯಿತಲ್ಲ? 2012ರ ನವೆಂಬರಿನಲ್ಲಿ ಮೇರಿಲ್ಯಾಂಡ್ ಮತ್ತು ನಮ್ಮ ಪಿಸ್ಕಾಟವೇಯ ರಟ್ಗರ್ಸ್ ಬಿಗ್ ಟೆನ್ ಸೇರುವ ಘೋಷಣೆ ಬಂತು, 2014ರಲ್ಲಿ ಸೇರಿಯೂ ಆಯಿತು. ರಟ್ಗರ್ಸ್‌ಗೆ ಇತಿಹಾಸ ಇದೆ, ಇಲ್ಲ ಅನ್ನಲ್ಲ. 1869ರಲ್ಲಿ ಮೊಟ್ಟಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ಆಡಿದವರೇ ಅವರು ಮತ್ತು ಪ್ರಿನ್ಸ್‌ಟನ್‌ನವರು. ಆದರೆ ಅವರನ್ನು ಕರೆದದ್ದು 1869ಕ್ಕಾಗಿ ಅಲ್ಲ, ನ್ಯೂಯಾರ್ಕ್ ಸುತ್ತಲಿನ ಕೇಬಲ್ ಮನೆಗಳಿಗಾಗಿ. ಎಡಿಸನ್‌ನ ಆ ಸೀರಿಯಲ್ ನೋಡುವ ಅಜ್ಜಿ ತನಗೇ ಗೊತ್ತಿಲ್ಲದೆ ಬಿಗ್ ಟೆನ್‌ನ ಬಂಡವಾಳವಾದಳು.

ಟೆಕ್ಸಸ್ ಕತೆ ಇನ್ನೂ ವಿಚಿತ್ರ. ಅಲ್ಲಿ ಕೂಟ ಬಿಡಿ, ಒಂದೇ ವಿಶ್ವವಿದ್ಯಾಲಯಕ್ಕೆ 2011ರಲ್ಲಿ ಇಎಸ್‌ಪಿಎನ್ ಸ್ವಂತ ಚಾನೆಲ್ ಮಾಡಿಕೊಟ್ಟಿತು. 20 ವರ್ಷಕ್ಕೆ 30 ಕೋಟಿ ಡಾಲರ್. ಅಕ್ಕಪಕ್ಕದವರಿಗೆ ಹೊಟ್ಟೆ ಉರಿಯದೆ ಇರುತ್ತಾ? ಟೆಕ್ಸಸ್ ಎ ಅಂಡ್ ಎಂ ಮರುವರ್ಷವೇ ಎಸ್‌ಇಸಿಗೆ ಹಾರಿತು.

ಪಶ್ಚಿಮದ ಪ್ಯಾಕ್-12ರವರು ಎಲ್ಲರಿಗಿಂತ ಬುದ್ಧಿವಂತರು ತಾವು ಅಂದುಕೊಂಡರು. ಪಾಲುದಾರರೇ ಬೇಡ, ಪೂರ್ತಿ ನಮ್ಮದೇ ಅಂತ 2012ರ ಆಗಸ್ಟಿನಲ್ಲಿ ಒಂದಲ್ಲ ಎರಡಲ್ಲ ಏಳು ಚಾನೆಲ್ ತೆರೆದರು. ರಾಷ್ಟ್ರಕ್ಕೊಂದು, ಪ್ರದೇಶಗಳಿಗೆ ಆರು. ಆದರೆ ಡೈರೆಕ್‌ಟಿವಿ ಜೊತೆ ಕೊನೇ ತನಕ ಒಪ್ಪಂದವೇ ಆಗಲಿಲ್ಲ. ಹನ್ನೆರಡು ಸೀಸನ್! ಆ ಡಿಶ್ ಹಾಕಿಸಿಕೊಂಡವರಿಗೆ ತಮ್ಮ ತಂಡದ ಎಷ್ಟೋ ಪಂದ್ಯಗಳು ಕಾಣಲಿಲ್ಲ. ಕಾಣದ ತಂಡದ ಬಗ್ಗೆ ಮಾತು ಕಡಿಮೆಯಾಗುತ್ತೆ, ದುಡ್ಡೂ ನಿರೀಕ್ಷೆಯಷ್ಟು ಬರಲಿಲ್ಲ. 2022ರಲ್ಲಿ ಯುಎಸ್‌ಸಿ, ಯುಸಿಎಲ್‌ಎ ಹೊರಟೆವು ಅಂದವು, 2024ರ ಹೊತ್ತಿಗೆ ಹನ್ನೆರಡರಲ್ಲಿ ಹತ್ತು ಖಾಲಿ, ಚಾನೆಲ್ಲುಗಳೂ ಬಂದ್. ಚಾನೆಲ್ ಒಂದರಿಂದಲೇ ಕೂಟ ಮುರಿಯಿತು ಅಂತ ಹೇಳೋಕಾಗಲ್ಲ, ಆದರೆ ಅದು ಹಾಕಿದ ಏಟು ಸಣ್ಣದಲ್ಲ. ಈಗ ಲಾಸ್ ಏಂಜಲೀಸ್‌ನ ಹುಡುಗರು ರಟ್ಗರ್ಸ್ ಜೊತೆ ಆಡಲು ಇಡೀ ಖಂಡ ದಾಟಿ ಬರಬೇಕು. ಪೆಸಿಫಿಕ್ ದಡದಲ್ಲಿರುವ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಸೇರಿದ್ದು ಯಾವ ಕೂಟಕ್ಕೆ ಗೊತ್ತಾ? ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್! ಮಂಗಳೂರಿನವರನ್ನು ಕೋರಮಂಡಲ ತೀರದ ಲೀಗಿಗೆ ಸೇರಿಸಿದ ಹಾಗಾಯಿತು.

ಇದನ್ನು ಸಮರ್ಥಿಸುವವರ ವಾದ ನನಗೆ ಗೊತ್ತು. ಹುಡುಗಿಯರ ವಾಲಿಬಾಲ್, ಕುಸ್ತಿ, ಜಿಮ್ನಾಸ್ಟಿಕ್ಸ್ ಎಲ್ಲ ಟಿವಿಯಲ್ಲಿ ಬಂದದ್ದು ಈ ಚಾನೆಲ್ಲುಗಳಿಂದ ಅಂತಾರೆ. ನಿಜ, ಒಳ್ಳೆಯದೇ ಆಯಿತು. ಆದರೆ ಡೈರೆಕ್‌ಟಿವಿ, ಕಾಮ್‌ಕಾಸ್ಟ್ ಮುಂದೆ ಹಿಡಿದು ಬೆದರಿಸಿದ್ದು ವಾಲಿಬಾಲನ್ನಲ್ಲ, ಫುಟ್‌ಬಾಲನ್ನು. ಇನ್ನು ದುಡ್ಡೆಲ್ಲ ವಿದ್ಯಾರ್ಥಿಗಳಿಗೇ ಹೋಗುತ್ತೆ ಅನ್ನುವ ಮಾತು... 2023ರ ನವೆಂಬರಿನಲ್ಲಿ ಮೇಲೆ ಹೇಳಿದ ಟೆಕ್ಸಸ್ ಎ ಅಂಡ್ ಎಂ ತನ್ನ ಕೋಚ್ ಜಿಂಬೊ ಫಿಶರ್‌ನನ್ನು ತೆಗೆದುಹಾಕಿತು. ಕೆಲಸ ಮಾಡದೆ ಮನೆಗೆ ಹೋಗಲು ಅವನಿಗೆ ಕೊಡಬೇಕಾಗಿ ಬಂದದ್ದು ಏಳೂವರೆ ಕೋಟಿ ಡಾಲರಿಗೂ ಹೆಚ್ಚು. ಆಟಗಾರರಿಗೆ ಕಾಲೇಜುಗಳು ನೇರವಾಗಿ ಪಾಲು ಕೊಡಲು ಶುರುವಾದದ್ದು 2025ರ ಜುಲೈನಿಂದ, ಅದೂ ಕೋರ್ಟು-ಕಚೇರಿ ಆದ ಮೇಲೆ.

ಕೇಬಲ್ ಕಿತ್ತು ಹಾಕಿ ಇಂಟರ್ನೆಟ್ಟಿನಲ್ಲಿ ನೋಡಿದರಾಯಿತಲ್ಲ ಅನ್ನುವವರೂ ಇದ್ದಾರೆ. ಎಷ್ಟೋ ಜನ ಕಿತ್ತು ಹಾಕಿದರು. ಆದರೆ ಕಂದಾಯ ಬಿಡಲಿಲ್ಲ, ಬೇರೆ ಬಾಗಿಲಿಂದ ಬಂತು. ಯೂಟ್ಯೂಬ್ ಟಿವಿ 2017ರಲ್ಲಿ ತಿಂಗಳಿಗೆ 35 ಡಾಲರಿಗೆ ಶುರುವಾಗಿತ್ತು, 2025ರ ಜನವರಿಗೆ 83 ಡಾಲರ್ ಮುಟ್ಟಿತು. ಒತ್ತೆಯಾಳು ಆಟವೂ ಹಾಗೇ ಇದೆ. 2023ರ ಆಗಸ್ಟ್ 31ರ ಸಂಜೆ ಫ್ಲೋರಿಡಾ-ಯೂಟಾ ಪಂದ್ಯದ ಹೊತ್ತಿಗೆ ಚಾರ್ಟರ್ ಗ್ರಾಹಕರಿಗೆ ಡಿಸ್ನಿಯ ಚಾನೆಲ್ಲುಗಳೆಲ್ಲ ಕಪ್ಪಾದವು. 2025ರ ಅಕ್ಟೋಬರ್ ಕೊನೆಯಿಂದ ನವೆಂಬರ್ 14ರ ತನಕ ಯೂಟ್ಯೂಬ್ ಟಿವಿಯಲ್ಲೂ ಅದೇ ಕತೆ; ಇಎಸ್‌ಪಿಎನ್ ಜೊತೆ ಅದರ ಕೈಯಲ್ಲೇ ಇರುವ ಎಸ್‌ಇಸಿ, ಎಸಿಸಿ ಚಾನೆಲ್ಲುಗಳೂ ಮಾಯ. ಸೀಸನ್ನಿನ ಎರಡು ಶನಿವಾರ ಹೋದವು. ಜಗಳಕ್ಕೆ ಇವರಿಗೆ ಮಾರ್ಚ್ ತಿಂಗಳು ಯಾಕೆ ಸಿಗಲ್ಲ ಅಂತ ನನಗಂತೂ ಅನುಮಾನ ಉಳಿದಿಲ್ಲ.

ನಮ್ಮ ಕಡೆ ಎಲ್ಲ ಸರಿ ಇದೆ ಅಂತ ಹೇಳುತ್ತಿಲ್ಲ. ಆದರೆ 2019ರ ಫೆಬ್ರವರಿಯಿಂದ ಟ್ರಾಯ್ ನಿಯಮದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿ ದುಡ್ಡಿನ ಚಾನೆಲಿಗೂ ಒಂದು ಎಂಆರ್‌ಪಿ ಇದೆ, ಬೇಕಾದ್ದನ್ನು ಬಿಡಿಬಿಡಿಯಾಗಿ ಆರಿಸಬಹುದು. ಬಿಲ್ ಜಾಸ್ತಿಯಾಯಿತು ಅಂತ ಜನ ಬೈದರು, ಬೈದದ್ದೂ ಸರಿಯೇ. ಆದರೆ ಬೈಯಲಿಕ್ಕಾದರೂ ಎದುರಿಗೆ ಒಂದು ಬೆಲೆ ಕಾಣುತ್ತಿತ್ತಲ್ಲ! ಹಾಗೇ 2007ರಲ್ಲಿ, ಇಲ್ಲಿ ಬಿಗ್ ಟೆನ್ ನೆಟ್‌ವರ್ಕ್ ಹುಟ್ಟಿದ ಅದೇ ವರ್ಷ, ನಮ್ಮ ಸಂಸತ್ತು ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲನ್ನು ಖಾಸಗಿ ಚಾನೆಲಿನವರು ಪ್ರಸಾರ ಭಾರತಿಗೂ ಕೊಡಲೇಬೇಕು ಅಂತ ಕಾನೂನು ಮಾಡಿತು. ದೂರದರ್ಶನದ ಆಂಟೆನಾ ಮಾತ್ರ ಇರುವವನೂ ಭಾರತದ ಏಕದಿನ ಪಂದ್ಯ ನೋಡಲಿ ಅಂತ.

ಅಮೆರಿಕದಲ್ಲಿ ಅಂಥ ಕಾನೂನು ಬರುತ್ತೆ ಅಂತ ನಾನು ಕಾದು ಕೂತಿಲ್ಲ. ಆದರೆ ಇವು ಸರ್ಕಾರಿ ವಿಶ್ವವಿದ್ಯಾಲಯಗಳು, ಇವುಗಳ ಆಡಳಿತ ಮಂಡಳಿಯ ಸಭೆಗಳಿಗೆ ಸಾರ್ವಜನಿಕರು ಹೋಗಬಹುದು, ಮಾತಾಡಬಹುದು. ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆಗಿನ ಬಿಗ್ ಟೆನ್‌ನ 700 ಕೋಟಿ ಡಾಲರಿಗೂ ಮೀರಿದ ಒಪ್ಪಂದ 2030ಕ್ಕೆ ಮುಗಿಯುತ್ತೆ. ಮುಂದಿನದನ್ನು ಬರೆಯುವಾಗ ಎರಡು ಸಾಲು ಸೇರಿಸಲಿ: ಆಯಾ ರಾಜ್ಯದ ತಂಡದ ಪಂದ್ಯ ಆ ರಾಜ್ಯದವರಿಗೆ ಆಂಟೆನಾದಲ್ಲಿ ಪುಕ್ಕಟೆ ಸಿಗಬೇಕು, ಕಾನ್ಫರೆನ್ಸ್ ಚಾನೆಲ್ ಬೇಕಾದವರ ಬಿಲ್ಲಿನಲ್ಲಿ ಮಾತ್ರ ಅದರ ಬೆಲೆ ಇರಬೇಕು. ರಟ್ಗರ್ಸ್‌ನ ಸಭೆ ನಡೆಯುವುದು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ನಾನಂತೂ ಹೋಗುತ್ತೇನೆ, ಎಡಿಸನ್ ಕಡೆಯವರು ಯಾರಾದರೂ ಬರುವುದಾದರೆ ಕಾರಿನಲ್ಲಿ ಮೂರು ಸೀಟು ಖಾಲಿ ಇವೆ.