ಹೆಣ ಬಿದ್ದ ಮೇಲೆ ಕತೆ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯ ಆರಂಭದಲ್ಲೇ ನಾರಣಪ್ಪ ಸಾಯುತ್ತಾನೆ. ಓದುಗರಿಗೆ ಅವನ ಗುರುತಾಗುವುದೇ ಹೆಣವಾದ ಮೇಲೆ. ಮಕ್ಕಳಿಲ್ಲದ, ಆಚಾರ ಬಿಟ್ಟವನ ದಹನ ಯಾರು ಮಾಡಬೇಕು? ಹೆಣ ಸುಡುವ ತನಕ ಅಗ್ರಹಾರದಲ್ಲಿ ಊಟವಿಲ್ಲ. ಮೈಲಿಗೆಗೆ ಹೆದರಿ ಒಬ್ಬೊಬ್ಬರೇ ಹಿಂದೆ ಸರಿಯುತ್ತಾರೆ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಮುಂದಿಟ್ಟದ್ದೇ ತಡ, ಹಿಂದೆ ಸರಿದವರಿಗೆಲ್ಲ ಆ ಒಡವೆಯ ಮೇಲೆ ಕಣ್ಣು. ಹೆಣ ಕೊಳೆಯತೊಡಗುತ್ತದೆ, ಆಚಾರ್ಯರ ಗ್ರಂಥಗಳಲ್ಲಿ ಉತ್ತರ ಸಿಗುವುದಿಲ್ಲ. ನಾರಣಪ್ಪನನ್ನು ಬದುಕಿಸಿಕೊಂಡಿದ್ದರೆ ಈ ಕಾದಂಬರಿಯೇ ಇರುತ್ತಿರಲಿಲ್ಲ.

ಪಾತ್ರವೊಂದನ್ನು ಕೊಲ್ಲುವ ಹಕ್ಕು ಬರಹಗಾರನಿಗೆ ಸಿಗುವುದು ಹೀಗೆ: ಸಾವು ಉಳಿದವರನ್ನು ಸುಮ್ಮನೆ ಬಿಡಬಾರದು.

ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ಜಲಪಾತವೊಂದಕ್ಕೆ ಬೀಳಿಸಿದ್ದು ಬೇರೆ ಕಾರಣಕ್ಕೆ. ಅವರಿಗೆ ಹೋಮ್ಸ್ ಸಾಕಾಗಿದ್ದ. ಐತಿಹಾಸಿಕ ಕಾದಂಬರಿಗಳತ್ತ ಮನಸ್ಸಿತ್ತು. ಜೊತೆಗೆ ಬೀಳಲು ತಕ್ಕ ವೈರಿ ಬೇಕಲ್ಲ, ಮೊರಿಯಾರ್ಟಿಯನ್ನು ಅದೇ ಕತೆಯಲ್ಲಿ ತಂದರು. ಹೆಣ ಸಿಗಲಿಲ್ಲ. ಆ ಎಡೆಯಿಂದಲೇ 1903ರಲ್ಲಿ ಹೋಮ್ಸ್ ಎದ್ದುಬಂದ. ಆ ಸಾವು ಬೇಕಿದ್ದದ್ದು ಲೇಖಕನಿಗೆ, ಕತೆಗಲ್ಲ.

ಇಂದಿನ ಧಾರಾವಾಹಿಗಳಲ್ಲಿ ನಟರು ಬಿಟ್ಟುಹೋದರೆ ಪಾತ್ರಕ್ಕೆ ಅಪಘಾತ. ಗೋಡೆಯ ಮೇಲೆ ಹಾರ ಹಾಕಿದ ಫೋಟೊ, ನಾಲ್ಕು ದಿನ ಅಳು, ಆಮೇಲೆ ಮನೆಯಲ್ಲಿ ಮದುವೆ ಮಾತುಕತೆ. ವರ್ಷಗಟ್ಟಲೆ ಆ ಪಾತ್ರವನ್ನು ಮನೆಯವರಂತೆ ಕಂಡ ಪ್ರೇಕ್ಷಕರಿಗೆ ಇದು ಅನ್ಯಾಯ.

ನಿಜಜೀವನದ ಸಾವಿಗೆ ಕಾರಣ ಎಲ್ಲಿರುತ್ತದೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ ಪ್ಲೇಗು ನಂಜಮ್ಮನ ಬೆಳೆದ ಮಗಳು, ಮಗ ಇಬ್ಬರನ್ನೂ ಕೊಂಡೊಯ್ಯುತ್ತದೆ. ಅದಕ್ಕೆ ಯಾವ ನ್ಯಾಯವೂ ಇಲ್ಲ. ಆದರೆ ಗಂಡನ ಶಾನುಭೋಗಿಕೆಯ ಲೆಕ್ಕ ಬರೆದು ಮನೆ ನಡೆಸಿದ ಆ ಹೆಂಗಸು ಇನ್ನು ಯಾರಿಗಾಗಿ ದುಡಿಯಬೇಕು ಎಂಬುದು ಓದುಗರ ಎದೆಗೆ ಇರಿಯುತ್ತದೆ. ಪ್ಲೇಗಿಗೆ ಕಾರಣ ಬೇಕಿಲ್ಲ, ಅದು ಬಂದುಹೋದ ಮನೆ ಮೊದಲಿನಂತೆ ಉಳಿಯಬಾರದು, ಅಷ್ಟೆ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಇನ್ನೂ ಕಠಿಣ. ಚೋಮನ ಕಿರಿಯ ಮಗ ನೀಲ ಹೊಳೆಯಲ್ಲಿ ಮುಳುಗುತ್ತಿದ್ದಾನೆ. ದಡದಲ್ಲಿ ಜನರಿದ್ದಾರೆ. ಕಾಪಾಡಲು ಮುಂದಾದ ಬ್ರಾಹ್ಮಣ ಯುವಕನನ್ನು, ಹುಡುಗ ಹೊಲೆಯನೆಂದು ಉಳಿದವರು ತಡೆಯುತ್ತಾರೆ. ಹುಡುಗನನ್ನು ಕೊಂದದ್ದು ನೀರೊಂದೇ ಅಲ್ಲ ಎಂದು ಕಾರಂತರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮಗನನ್ನು ಕಳೆದುಕೊಂಡ ಚೋಮ ಜಾತಿ ಬಿಟ್ಟು ಪಾದ್ರಿಯ ಕಡೆ ಹೊರಡುತ್ತಾನೆ. ದಾರಿಯಲ್ಲಿ ತಾನು ನಂಬಿದ ದೈವ ಪಂಜುರ್ಲಿಯ ಗುಡಿ ಕಂಡು ಹಿಂದಿರುಗುತ್ತಾನೆ. ಕೊನೆಗೆ ಗುಡಿಸಲಲ್ಲಿ ಕುಳಿತು ದುಡಿ ಬಾರಿಸುತ್ತ ಪ್ರಾಣ ಬಿಡುತ್ತಾನೆ.