ಮಾತ್ರೆ ಕೊಡುವ ಕೈಗೂ ಪಾಠ ಬೇಕು

ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಬೋಧಿಸಿದವನು ನಾನು. “ಪ್ರಶ್ನೆಯನ್ನು ಎರಡು ಬಾರಿ ಓದಿ, ಅನಂತರ ಉತ್ತರ ಬರೆಯಿರಿ” ಎಂದು ಪ್ರತಿ ಪರೀಕ್ಷೆಯ ದಿನವೂ ಹೇಳುತ್ತಿದ್ದೆ. ಹಾಗೆ ಹೇಳುತ್ತಿದ್ದ ನಾನೇ ಒಂದು ಔಷಧದ ಚೀಟಿಯನ್ನು ಒಂದೇ ಬಾರಿ, ಅದೂ ತಪ್ಪಾಗಿ ಓದಿ, ಒಡಹುಟ್ಟಿದ ಅಕ್ಕನ ಪ್ರಾಣಕ್ಕೆ ಸಂಚಕಾರ ತಂದಿದ್ದೆ. ಇದನ್ನು ಬರೆಯಲು ಬಹಳ ದಿನ ಮನಸ್ಸು ಹಿಂಜರಿಯಿತು. ಆದರೆ ಮುಚ್ಚಿಟ್ಟ ತಪ್ಪಿನಿಂದ ಯಾರಿಗೂ ಪ್ರಯೋಜನವಿಲ್ಲ.

ಅಕ್ಕನಿಗೆ ಬಹಳ ಕಾಲದಿಂದ ಸಂಧಿವಾತ. 2022ರ ಬೇಸಿಗೆಯಲ್ಲಿ ವೈದ್ಯರು ಹೊಸದಾಗಿ ಎರಡು ಮಾತ್ರೆ ಬರೆದುಕೊಟ್ಟರು. ಒಂದು ಮೆಥೊಟ್ರೆಕ್ಸೇಟ್ 7.5 ಮಿಲಿಗ್ರಾಂ, ಇನ್ನೊಂದು ಫೋಲಿಕ್ ಆಮ್ಲ 5 ಮಿಲಿಗ್ರಾಂ. ಎರಡೂ ಹಳದಿ, ಎರಡೂ ಪುಟ್ಟವು. ಮೊದಲನೆಯದರ ಮುಂದೆ ‘ಓ.ಡಬ್ಲ್ಯೂ.’ ಎಂಬ ಎರಡಕ್ಷರವಿತ್ತು. ವಾರಕ್ಕೊಂದು ಎಂಬುದು ಅದರ ಅರ್ಥ. ದಿನಕ್ಕೊಂದು ಎನ್ನಲು ವೈದ್ಯರು ‘ಓ.ಡಿ.’ ಎಂದು ಬರೆಯುವುದು ನನಗೆ ಗೊತ್ತಿತ್ತು. ಅವಸರದ ಬರವಣಿಗೆಯನ್ನು ಹಾಗೆಯೇ ಓದಿಕೊಂಡು, ಎರಡು ಮಾತ್ರೆಗಳನ್ನೂ ದಿನವೂ ಊಟದ ನಂತರ ಅಕ್ಕನ ಅಂಗೈಯಲ್ಲಿಟ್ಟೆ. ಬಲು ಶ್ರದ್ಧೆಯಿಂದ, ಒಂದು ದಿನವೂ ತಪ್ಪದೆ!

ವಾರ ಕಳೆಯುವುದರೊಳಗೆ ಅಕ್ಕನ ಬಾಯಿ ತುಂಬ ಹುಣ್ಣಾಯಿತು. ನಮ್ಮ ಚೇಳೂರು ಹಲಸಿಗೆ ಹೆಸರಾದ ಊರು. ಅದು ಹಣ್ಣಿನ ಕಾಲ. “ತೊಳೆ ಹೆಚ್ಚು ತಿಂದು ಉಷ್ಣವಾಗಿದೆ” ಎಂದು ಮನೆಯಲ್ಲಿ ಎಲ್ಲರೂ ತೀರ್ಮಾನಿಸಿದೆವು. ಮಜ್ಜಿಗೆ ಕೊಟ್ಟೆವು, ಮೆಂತ್ಯ ನೆನೆಸಿ ಕೊಟ್ಟೆವು. ಜೊತೆಗೆ ಆ ಮಾತ್ರೆಯನ್ನೂ ಕೊಡುತ್ತಲೇ ಇದ್ದೆವು. ಒಂಬತ್ತನೆಯ ದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಬೆಂಗಳೂರಿನಲ್ಲಿ ದಾದಿಯಾಗಿರುವವಳು, ನೋಡಲೆಂದು ಮನೆಗೆ ಬಂದಳು. ಅಕ್ಕನ ಮುಖ ನೋಡಿದವಳೇ ಮಾತ್ರೆಯ ಪಟ್ಟಿಗಳನ್ನು ಕೇಳಿದಳು. ಹತ್ತು ವಾರ ಬರಬೇಕಾಗಿದ್ದ ಪಟ್ಟಿಯಲ್ಲಿ ಒಂದೇ ಮಾತ್ರೆ ಉಳಿದಿತ್ತು.

“ಸಾರ್, ಇದು ವಾರಕ್ಕೊಂದು ಅಲ್ವಾ? ದಿನಾ ಕೊಟ್ರಾ?” ಎಂದಳು. ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ, ಭಯವಿತ್ತು. ಆ ಸಂಜೆಯೇ ಅಕ್ಕನನ್ನು ತುಮಕೂರಿಗೆ ಕರೆದೊಯ್ದೆವು. ರಕ್ತದ ಬಿಳಿಯ ಕಣಗಳೂ ಕಿರುಬಿಲ್ಲೆಗಳೂ ಇಳಿದುಹೋಗಿದ್ದವು. ಮದ್ದಿಗೆ ಮದ್ದಾದ ಫೋಲಿನಿಕ್ ಆಮ್ಲದ ಚುಚ್ಚುಮದ್ದು ಕೊಟ್ಟರು. ಹನ್ನೊಂದು ದಿನದ ಮೇಲೆ ಅಕ್ಕ ಮನೆಗೆ ಬಂದಳು. ಉಳಿದದ್ದು ಆಕೆಯ ಆಯುಸ್ಸು, ಮತ್ತು ಆ ಹುಡುಗಿಯ ತಿಳಿವಳಿಕೆ.

ಏಕೆ ಹೀಗಾಯಿತು ಎಂಬುದನ್ನು ಆಮೇಲೆ ತಿಳಿದುಕೊಂಡೆ. ಔಷಧವೆಂದರೆ ಕೆರೆಗೆ ಬರುವ ನೀರಿದ್ದಂತೆ. ಹಳ್ಳದಿಂದ ಬಂದದ್ದು ತೂಬಿನಿಂದ ಹೊರಗೆ ಹೋಗುತ್ತಿರಬೇಕು. ದೇಹಕ್ಕೆ ಯಕೃತ್ತು ಮತ್ತು ಮೂತ್ರಪಿಂಡಗಳೇ ತೂಬು. ಕೆರೆಗಾದರೋ ಹೆಚ್ಚಾದ ನೀರು ಹರಿದುಹೋಗಲು ಕೋಡಿಯಿದೆ, ದೇಹಕ್ಕೆ ಕೋಡಿಯಿಲ್ಲ. ಮೆಥೊಟ್ರೆಕ್ಸೇಟ್ ಬಹುಪಾಲು ಮೂತ್ರಪಿಂಡಗಳ ಮೂಲಕವೇ ಹೊರಹೋಗುವ ಔಷಧ. ವಯಸ್ಸಾದಂತೆ ಆ ತೂಬು ಕಿರಿದಾಗುತ್ತದೆ. ಜೀವಕೋಶಗಳು ವಿಭಜನೆಗೊಳ್ಳಲು ಬೇಕಾದ ಫೋಲಿಕ್ ಆಮ್ಲದ ಕೆಲಸವನ್ನು ಇದು ತಡೆಯುತ್ತದೆ. ಬೇಗ ಬೇಗ ಹುಟ್ಟಿ ಸಾಯುವ ಕೋಶಗಳಿರುವುದು ಬಾಯಿಯ ಒಳಪದರದಲ್ಲಿ ಮತ್ತು ಮೂಳೆಯ ಮಜ್ಜೆಯಲ್ಲಿ; ಪೆಟ್ಟು ಮೊದಲು ಬೀಳುವುದು ಅಲ್ಲಿಗೇ. ವಾರದ ಬಿಡುವು ಇರುವುದು ಅವು ಚೇತರಿಸಿಕೊಳ್ಳಲಿ ಎಂದು. ಆ ಬಿಡುವನ್ನೇ ನಾನು ಕಿತ್ತುಕೊಂಡಿದ್ದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ‘ಅಕಾಲವಾದರೆ’ ಎಂಬುದನ್ನೂ ಸೇರಿಸಬೇಕು.

ನನ್ನನ್ನು ಹೆಚ್ಚು ನಾಚಿಸಿದ ಸಂಗತಿ ಬೇರೆ ಇದೆ. ವಾರದ ಮಾತ್ರೆ ಎಂಬುದು ನನಗೆ ಹೊಸದಾಗಿರಲಿಲ್ಲ. 2013ರ ಸುಮಾರಿಗೆ ಶಾಲೆಗಳಲ್ಲಿ ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುವ ಯೋಜನೆ ಬಂದಾಗ ನಾನೇ ಎಷ್ಟೋ ಮಕ್ಕಳಿಗೆ ಅದನ್ನು ಹಂಚಿದ್ದೆ. 2015ರಿಂದ ಜಂತುಹುಳು ನಿವಾರಣಾ ದಿನದಂದು 400 ಮಿಲಿಗ್ರಾಂನ ಅಲ್ಬೆಂಡಜೋಲ್ ಕೂಡ ಸೇರಿತು. ಅಲ್ಲೇಕೆ ತಪ್ಪಾಗಲಿಲ್ಲ? ಅಲ್ಲಿ ನಮಗೆ ಮೊದಲೇ ಹೇಳಿಕೊಟ್ಟಿದ್ದರು: ವಾರದಲ್ಲಿ ಇಂಥದ್ದೇ ದಿನ, ಬಿಸಿಯೂಟವಾದ ಮೇಲೆ, ಜ್ವರವಿರುವ ಮಗುವಿಗೆ ಬೇಡ, ಕಣ್ಣೆದುರಿಗೇ ನುಂಗಿಸಿ, ಹಾಜರಿಯಂತೆ ಗುರುತು ಹಾಕಿ. ಮನೆಯಲ್ಲಿ ಕೊಟ್ಟದ್ದು ಅದಕ್ಕಿಂತ ಎಷ್ಟೋ ಪಾಲು ಉಗ್ರವಾದ ಔಷಧ. ಹೇಳಿಕೊಟ್ಟದ್ದು ಎರಡೇ ಅಕ್ಷರ, ಅದೂ ಪರಭಾಷೆಯಲ್ಲಿ.

ಆ ವಿದ್ಯಾರ್ಥಿನಿ ತನ್ನ ತರಬೇತಿಯ ಮೊದಲ ಪಾಠವನ್ನು ನನಗೆ ಹೇಳಿದಳು. ಔಷಧ ಕೊಡುವ ಮುನ್ನ ಐದು ‘ಸರಿ’ಗಳನ್ನು ನೋಡಬೇಕಂತೆ: ಸರಿಯಾದ ರೋಗಿಯೇ? ಸರಿಯಾದ ಔಷಧವೇ? ಸರಿಯಾದ ಪ್ರಮಾಣವೇ? ನುಂಗುವುದೋ, ಹಚ್ಚುವುದೋ, ಚುಚ್ಚುವುದೋ, ಆ ಮಾರ್ಗ ಸರಿಯೇ? ಹೊತ್ತು ಸರಿಯೇ? ಹೆಸರನ್ನು ಮೂರು ಬಾರಿ ಓದಬೇಕು: ತೆಗೆಯುವಾಗ, ಕೊಡುವಾಗ, ತಿರುಗಿ ಇಡುವಾಗ. ಪರೀಕ್ಷಾ ಕೊಠಡಿಯಲ್ಲಿ ನಾನು ಹೇಳುತ್ತಿದ್ದ ಮಾತೇ ಅಲ್ಲವೇ ಇದು? ಅವಳು ಅದನ್ನು ಪಾಲಿಸಿದ್ದಳು, ನಾನು ಮರೆತಿದ್ದೆ.

ನಾನು ಬಾಲಕನಾಗಿದ್ದಾಗ ಕಂಡ ಕಾಂಪೌಂಡರ್ ಒಬ್ಬರು ನೆನಪಾಗುತ್ತಾರೆ. ನಾವು ಒಯ್ದ ಸೀಸೆಗೆ ಮಿಕ್ಶ್ಚರ್ ತುಂಬಿ, ಅದರ ಹೊರಮೈಗೆ ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಂದು ವೇಳೆಗೆ ಒಂದು ಕಚ್ಚು. ಅಕ್ಷರ ಬಾರದ ನಮ್ಮಜ್ಜಿಯೂ ತಪ್ಪುವಂತಿರಲಿಲ್ಲ. ಇಂದಿನ ಹೊಳೆಯುವ ಪಟ್ಟಿಯ ಮೇಲೆ ಸಾಲುಸಾಲು ಅಕ್ಷರಗಳಿವೆ, ಬಿ.ಎಡ್. ಮಾಡಿದವನೂ ಎಡವುತ್ತಾನೆ. ಒಂದೇ ಪ್ಯಾರಾಸಿಟಮಾಲ್ ಸಿರಪ್ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಅಡುಗೆಮನೆಯ ಚಮಚಕ್ಕೆ ಆ ಭೇದ ಗೊತ್ತೇ? ಜ್ವರಕ್ಕೊಂದು, ನೆಗಡಿಗೊಂದು ಎಂದು ಎರಡು ಮಾತ್ರೆ ನುಂಗುವವರು ಎರಡರಲ್ಲಿಯೂ ಅದೇ ಪ್ಯಾರಾಸಿಟಮಾಲ್ ಇರಬಹುದೆಂದು ನೋಡುತ್ತಾರೆಯೇ?

ಹಾಗಾದರೆ ಮಾಡಬೇಕಾದದ್ದೇನು? ನನ್ನ ಅಭಿಪ್ರಾಯ ಇಷ್ಟು. ಔಷಧದ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯರ ನಡಾವಳಿ ನಿಯಮಕ್ಕೆ 2016ರಲ್ಲೇ ತಿದ್ದುಪಡಿ ಬಂದಿದೆ. ಅದಷ್ಟೇ ಸಾಲದು, ವಾರದ ಮಾತ್ರೆಯ ಮುಂದೆ ‘ಭಾನುವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆಯಲಿ. 1948ರ ಫಾರ್ಮಸಿ ಕಾಯಿದೆಯ ಪ್ರಕಾರ ಚೀಟಿಯ ಔಷಧವನ್ನು ಕೊಡಬೇಕಾದವನು ನೋಂದಾಯಿತ ಫಾರ್ಮಾಸಿಸ್ಟ್. ಅವನು ಕವರಿನ ಮೇಲೆ ಕನ್ನಡದಲ್ಲಿ ನಾಲ್ಕು ಪದ ಬರೆಯಲಿ. ಇಂಥ ಔಷಧವನ್ನು ತಿಂಗಳಿಗೆ ಬೇಕಾದ ನಾಲ್ಕೈದು ಮಾತ್ರೆಯಷ್ಟೇ ಎಣಿಸಿ ಕೊಡಲಿ. ಸಣ್ಣ ಕ್ಲಿನಿಕ್ಕುಗಳಲ್ಲಿ ನೋಡಿ ನೋಡಿಯೇ ಕೆಲಸ ಕಲಿತ ಸಹಾಯಕರಿದ್ದಾರೆ. ಅವರಲ್ಲಿ ಶ್ರದ್ಧೆಗೆ ಕೊರತೆಯಿಲ್ಲ. ಶ್ರದ್ಧೆ ನನ್ನಲ್ಲಿಯೂ ಇತ್ತು! ಅವರಿಗೆ ಕ್ರಮವಾದ ತರಬೇತಿಯಾಗದೆ ಮಾತ್ರೆಯ ಡಬ್ಬಿಯನ್ನು ಕೈಗೆ ಕೊಡಬಾರದು. ಪ್ರೌಢಶಾಲೆಯಲ್ಲಿಯೂ ಒಂದು ಅವಧಿ ಇದಕ್ಕಾಗಿ ಮೀಸಲಾಗಲಿ.

“ನೂರು ಜನ ಸಾಲು ನಿಂತಿರುವಾಗ ಇದಕ್ಕೆಲ್ಲ ಸಮಯವೆಲ್ಲಿ?” ಎಂದು ವೈದ್ಯಮಿತ್ರರು ಕೇಳಬಹುದು. ಆ ಕಷ್ಟ ಸುಳ್ಳಲ್ಲ. ಆದರೆ “ಹೇಗೆ ತಗೋತೀಯಮ್ಮ, ಒಮ್ಮೆ ಹೇಳು ನೋಡೋಣ” ಎಂದು ರೋಗಿಯ ಬಾಯಿಂದಲೇ ಹೇಳಿಸಲು ಅರ್ಧ ನಿಮಿಷ ಸಾಕು. ಪಾಠ ತಲುಪಿತೋ ಇಲ್ಲವೋ ಎಂದು ತಿಳಿಯಲು ಮೇಷ್ಟರಿಗೆ ಗೊತ್ತಿರುವ ಹಳೆಯ ಉಪಾಯ ಇದೊಂದೇ. ಆ ದಿನ ಯಾರಾದರೂ ನನ್ನನ್ನು ಕೇಳಿದ್ದರೆ, “ದಿನಕ್ಕೊಂದು” ಎಂದು ಧೈರ್ಯವಾಗಿ ತಪ್ಪು ಉತ್ತರ ಹೇಳುತ್ತಿದ್ದೆ. ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು.

ಅಕ್ಕನ ಔಷಧವನ್ನು ವೈದ್ಯರು ಬದಲಿಸಿದ್ದಾರೆ. ನಾನು ಮಾತ್ರೆ ಕೊಡುವಾಗ ಆಕೆ ಈಗ ಸುಮ್ಮನೆ ಕೈಚಾಚುವುದಿಲ್ಲ. “ಯಾವುದು, ಎಷ್ಟು, ಯಾತಕ್ಕೆ, ಓದಿ ಹೇಳೋ ತಮ್ಮಾ” ಎನ್ನುತ್ತಾಳೆ. ನಾನು ಗಟ್ಟಿಯಾಗಿ ಓದುತ್ತೇನೆ. ಓದುಗರು ಇದನ್ನು ಮುಗಿಸಿದ ಕೂಡಲೇ ತಮ್ಮ ಮನೆಯ ಮಾತ್ರೆಯ ಡಬ್ಬಿಯನ್ನು ತೆರೆದು, ಅದರಲ್ಲಿರುವುದನ್ನು ಒಂದೊಂದಾಗಿ ಹೀಗೆಯೇ ಓದಬೇಕೆಂದು ನನ್ನ ಪ್ರಾರ್ಥನೆ. ಅರ್ಥವಾಗದ ಅಕ್ಷರ ಒಂದೇ ಇದ್ದರೂ ಊಹಿಸಬೇಡಿ, ಕೇಳಿ.